ಸೊಟ್ಟಗಾದ ಅಚ್ಚು

ಹೋದ ಜನವರಿಲಿ ನಮ್ ಕಾಲೇಜಿಗೆ ಜರ್ಮನಿಯ ಒಂದು ಡಿಸೈನ್ ಸ್ಕೂಲಿಂದ ಆರು ಜನ ಸ್ಟೂಡೆಂಟ್ಸ್ ಬಂದಿದ್ರು, ಹತ್ತು ದಿನದ ಜಾಯಿಂಟ್ ವರ್ಕ್‌ಶಾಪು, ವಿಷಯ ಬೆಲ್ಲ. ಮೈಸೂರಿಗೆ ಬಂದು ಬೆಲ್ಲ ಯಾಕೆ ಅಂದ್ರೆ ಅದಕ್ಕೆ ನಾನೇ ಕಾರಣ, ಪಾಂಡವಪುರದ ಹತ್ರ ನಮ್ ದೊಡ್ಡಪ್ಪಂದು ಆಲೆಮನೆ ಇದೆ ಅಂತ ಸರ್ ಹತ್ರ ಬಾಯ್ಬಿಟ್ಟಿದ್ದೆ. ಟೀಮ್ ಲಿಸ್ಟ್ ಹಾಕಿದಾಗ ಅವರ ಹೆಸರಿನ ಮುಂದೆಲ್ಲ ‘ಡಿಸೈನರ್’ ಅಂತಿತ್ತು, ನನ್ ಹೆಸರಿನ ಮುಂದೆ ‘ಟ್ರಾನ್ಸ್‌ಲೇಟರ್’. ಆಗ ಏನೂ ಅನ್ನಿಸ್ಲಿಲ್ಲ, ನಿಜ ಹೇಳ್ಬೇಕಂದ್ರೆ ಖುಷಿನೇ ಆಗಿತ್ತು.

ಮೊದಲ್ನೇ ದಿನಾನೇ ಆ ಕೆಲ್ಸಾನೂ ಕೆಟ್ಟೋಯ್ತು. ಕೊಪ್ಪರಿಗೆ ಹತ್ರ ನಿಂತಿದ್ದವ್ರನ್ನ ನಾನು ಕನ್ನಡದಲ್ಲಿ ಕೇಳಿದ್ರೆ ಅವ್ರು ನನ್ ಮುಖ ನೋಡ್ತಾರೆ, ಯಾಕಂದ್ರೆ ಅವ್ರೆಲ್ಲ ಉತ್ತರ ಪ್ರದೇಶದೋರು, ಈಗ ನಮ್ ಕಡೆ ಎಷ್ಟೋ ಆಲೆಮನೆಲಿ ಹಂಗೇ. ನನ್ ಹಿಂದಿ ಹತ್ತನೇ ಕ್ಲಾಸಿನ ಥರ್ಡ್ ಲ್ಯಾಂಗ್ವೇಜು. ಅಷ್ಟರಲ್ಲಿ ಆ ಟೀಮಿನ ಒಬ್ಳು ಹುಡುಗಿ ಸ್ಕೆಚ್‌ಬುಕ್ ತೆಗ್ದು ಕೊಪ್ಪರಿಗೆ ಬರ್ದು ತೋರಿಸಿದ್ಳು, ಆ ಅಣ್ಣ ಪೆನ್ಸಿಲ್ ಇಸ್ಕೊಂಡು ಪಕ್ಕದಲ್ಲೇ ಒಂದು ಚೊಂಬು ಬರ್ದು, ಅದರೊಳಗೆ ನೀರು, ನೀರೊಳಗೆ ಒಂದು ಉಂಡೆ. ಪಾಕ ಬಂತಾ ಇಲ್ವಾ ಅಂತ ನೋಡೋದು ಹಿಂಗೆ, ತಣ್ಣೀರಿಗೆ ಒಂದು ಹನಿ ಬಿಟ್ಟು ಉಂಡೆ ಕಟ್ಟುತ್ತಾ ನೋಡೋದು. ನಾನು ಅಲ್ಲೇ ನಿಂತಿದ್ದೆ, ಒಂದು ಮಾತೂ ಟ್ರಾನ್ಸ್‌ಲೇಟ್ ಮಾಡದೆ.

ಅವಳಿಗೆ ಇಷ್ಟ ಆಗಿದ್ದು ಅಚ್ಚು. ದೊಡ್ಡಪ್ಪನ ಹತ್ರ ಇರೋದು ಹಳೇ ಮರದ ಅಚ್ಚು, ಬಿರುಕಲ್ಲೆಲ್ಲ ಬೆಲ್ಲ ಸಿಕ್ಕಾಕೊಂಡು ಕ್ಲೀನ್ ಮಾಡೋಷ್ಟರಲ್ಲಿ ಸಾಕಾಗುತ್ತೆ. ಇದನ್ನ 3ಡಿ ಪ್ರಿಂಟ್ ಮಾಡೋಣ ಅಂದ್ಳು, ಅದೂ ಪಿಎಲ್ಎ ಪ್ಲಾಸ್ಟಿಕ್‌ನಲ್ಲಿ, ಯಾಕಂದ್ರೆ ಅದನ್ನ ಮುಸುಕಿನ ಜೋಳದಿಂದ, ಕಬ್ಬಿಂದ ಮಾಡ್ತಾರಂತೆ, ಕಬ್ಬಿಂದ ಆಗಿದ್ದು ಕಬ್ಬಿಗೇ ವಾಪಸ್ಸು, ಕಾನ್ಸೆಪ್ಟ್ ಏನೋ ಸಖತ್ತಾಗಿತ್ತು. ಎಲ್ರೂ ಚಪ್ಪಾಳೆ ತಟ್ಟಿದ್ರು, ನಾನೂ ತಟ್ಟಿದೆ.

ಪಿಎಲ್ಎ 60 ಡಿಗ್ರಿ ಹತ್ರಾನೇ ಮೆತ್ತಗಾಗುತ್ತೆ ಅಂತ ನಂಗೆ ಗೊತ್ತಿತ್ತು, ನಮ್ ಲ್ಯಾಬಲ್ಲಿ ಕಾರ್ ಡ್ಯಾಶ್‌ಬೋರ್ಡ್ ಮೇಲಿಟ್ಟ ಮಾಡೆಲ್ ಬಾಗೋಗಿದ್ದು ನೋಡಿದ್ದೆ. ಬೆಲ್ಲದ ಪಾಕ ಇಳಿಸೋವಾಗ 115 ದಾಟಿರುತ್ತೆ. ಅದೂ ಬಿಡಿ, ಸಂಕ್ರಾಂತಿ ಕಳ್ದು ಇನ್ನೂ ವಾರ ಆಗಿರ್ಲಿಲ್ಲ, ಮನೇಲಿ ಅಮ್ಮನ ಜೊತೆ ಮರದ ಅಚ್ಚನ್ನ ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಸಕ್ಕರೆ ಅಚ್ಚು ಹುಯ್ದಿದ್ದೆ. ಆದ್ರೂ ಬಾಯಿ ಬಿಡ್ಲಿಲ್ಲ. ಡಿಸೈನ್ ಅವರ್ದು, ನಾನು ಭಾಷೆಗೆ ಬಂದಿರೋಳು, ಅಂತ ನನ್ನಷ್ಟಕ್ಕೆ ನಾನೇ ಅಂದ್ಕೊಂಡಿದ್ದೆ.

ಎಂಟನೇ ದಿನ ಟೆಸ್ಟಿಂಗು. ಪಾಕ ಸ್ವಲ್ಪ ಆರಿದ ಮೇಲೇ ಹುಯ್ದಿದ್ದು, ಆದ್ರೂ ಎರಡು ನಿಮಿಷಕ್ಕೆ ಬಿಳೀ ಅಚ್ಚಿನ ಅಂಚು ಒಳಗಡೆಗೆ ವಾಲ್ತು, ಆಮೇಲೆ ತಳಾನೂ ಜೋತುಬಿತ್ತು, ಬೆಲ್ಲ ಪಕ್ಕಕ್ಕೆ ಇಳ್ದು ನೆಲಕ್ಕೆ. ಯಾರೂ ಮಾತಾಡ್ಲಿಲ್ಲ. ದೊಡ್ಡಪ್ಪ ಬಗ್ಗಿ ನೋಡಿ ಅವರನ್ನೇನೂ ಕೇಳ್ಲಿಲ್ಲ, ನನ್ನೇ ಕೇಳಿದ್ರು: “ಅಲ್ಲ ಕಣವ್ವ, ಸಕ್ಕರೆ ಅಚ್ಚು ಹುಯ್ಯೋಳು ನೀನು, ಇದು ಬಿಸಿ ತಡೀತದಾ ಅಂತ ಒಂದ್ ಮಾತು ಯೋಳಕ್ಕಾಗ್ನಿಲ್ವಾ?” ಆ ಹುಡುಗಿ ಏನಂದ್ರು ಅಂತ ಕೇಳಿದ್ಳು. ಹತ್ತು ದಿನದಲ್ಲಿ ನಾನು ನೆಟ್ಟಗೆ ಟ್ರಾನ್ಸ್‌ಲೇಟ್ ಮಾಡಿದ್ದು ಅದೊಂದೇ ಇರ್ಬೇಕು. ಅವಳು ಕೋಪ ಮಾಡ್ಕೊಳ್ಳಿಲ್ಲ, ಮತ್ಯಾಕೆ ಹೇಳ್ಲಿಲ್ಲ ಅಂದ್ಳು ಅಷ್ಟೇ, ನನ್ ಹತ್ರ ಉತ್ರ ಇರ್ಲಿಲ್ಲ.

ಹೊರಗಿನೋರು ಬಂದು ನಮ್ ಸಾಮಾನು ನೋಡೋದು ಹೊಸದಲ್ಲ ಬಿಡಿ. 1958ರಲ್ಲಿ ಅಮೆರಿಕದ ಡಿಸೈನರ್‌ಗಳು ಚಾರ್ಲ್ಸ್ ಮತ್ತೆ ರೇ ಈಮ್ಸ್ ದಂಪತಿ ನಮ್ ಸರ್ಕಾರಕ್ಕೆ ಒಂದು ವರದಿ ಕೊಟ್ರಲ್ಲ, ಅದ್ರಲ್ಲಿ ಹೊಗಳಿರೋದು ಚೊಂಬನ್ನ, ಅದಾದ್ಮೇಲೇ 1961ರಲ್ಲಿ ಅಹಮದಾಬಾದಲ್ಲಿ ಎನ್ಐಡಿ, ಅಂದ್ರೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್, ಶುರುವಾಗಿದ್ದು. ನಮ್ ಕಡೆ ಚೊಂಬು ಕೊಟ್ರು ಅಂದ್ರೆ ಅರ್ಥ ಬೇರೆ, ಇರ್ಲಿ. ಅವರು ನೋಡಿದ್ದು ತಪ್ಪು ಅಂತಲ್ಲ. ಪಕ್ಕದಲ್ಲಿ ನಿಂತಿರೋ ನಾವು ಬಾಯಿ ಬಿಡ್ಬೇಕು.

ಈಗ ನಾನು ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್‌ಗೆ ಅವರ ಸ್ಕೂಲಿಗೆ ಹೊರಟಿದೀನಿ. ಅಪ್ಲಿಕೇಶನ್ ಜೊತೆ ಕಳ್ಸಿದ ಪೋರ್ಟ್‌ಫೋಲಿಯೋಲಿ ಸೊಟ್ಟಗಾದ ಅಚ್ಚಿನ ಫೋಟೋನೇ ಮೊದಲ್ನೇ ಪೇಜು. ಅಲ್ಲಿ ಟ್ಯೂಷನ್ ಫೀಸಿಲ್ಲ, ಫೀಸು ಇಲ್ಲಿ ಕಟ್ಟಿದ್ರೆ ಸಾಕು, ಆದ್ರೆ ಖರ್ಚಿಗೆ ದುಡ್ಡಿದೆ ಅಂತ ವೀಸಾಗೆ ತೋರಿಸ್ಬೇಕು, ತಿಂಗಳಿಗೆ 992 ಯೂರೋ ಲೆಕ್ಕ, ಆರು ತಿಂಗಳಿಗೆ ಹೆಚ್ಚೂಕಮ್ಮಿ ಆರು ಲಕ್ಷ. ಫೀಸಿಲ್ಲ ಅಂದ್ಮೇಲೆ ಇದ್ಯಾವ ದುಡ್ಡು ಅಂತ ಅಪ್ಪ ಮೂರು ಸಲ ಕೇಳಿದ್ರು. ಅದು ಅಕೌಂಟಲ್ಲಿ ಬ್ಲಾಕ್ ಆಗಿರುತ್ತೆ, ಅಲ್ಲಿಗೆ ಹೋದ್ಮೇಲೆ ತಿಂಗ್ ತಿಂಗಳು ನಂಗೇ ವಾಪಸ್ ಬರುತ್ತೆ ಅಂತ ಪೇಪರ್ ಮೇಲೆ ಬರ್ದು ತೋರಿಸಿದ ಮೇಲೆ ಒಪ್ಕೊಂಡ್ರು. ಇದಕ್ಕಿಂತ ತಲೆನೋವು ಕ್ರೆಡಿಟ್ಟು, ಅಂದ್ರೆ ಒಂದೊಂದು ಸಬ್ಜೆಕ್ಟ್ ಮುಗಿಸಿದ್ರೆ ಸಿಗೋ ಪಾಯಿಂಟು, ಅವ್ರದ್ದು ಸೆಮಿಸ್ಟರಿಗೆ 30, ಅದನ್ನ ನಮ್ ಸಬ್ಜೆಕ್ಟುಗಳಿಗೆ ಹೊಂದಿಸೋಕೆ ಆಫೀಸ್ ಬಾಗ್ಲಲ್ಲಿ ಅರ್ಧ ತಿಂಗಳು. ಹೋಗೋ ಪ್ಲಾನ್ ಇರೋರು ಅಲ್ಲಿನ ಯಾವ ಕ್ರೆಡಿಟ್ ಇಲ್ಲಿನ ಯಾವ ಸಬ್ಜೆಕ್ಟಿಗೆ ಅನ್ನೋ ಅಗ್ರಿಮೆಂಟಿಗೆ ಮೊದ್ಲೇ ಸೈನ್ ಹಾಕಿಸ್ಕೊಳ್ಳಿ, ವಾಪಸ್ ಬಂದ್ಮೇಲೆ ಅಂದ್ರೆ ಸೆಮಿಸ್ಟರೇ ಹೋದಂಗೆ.

ಮೊನ್ನೆ ಈ ವರ್ಷದ ವರ್ಕ್‌ಶಾಪ್ ಲಿಸ್ಟ್ ಹಾಕಿದ್ರು, ಮತ್ತೆ ಅದೇ ಕಾಲಮ್ಮು, ಜೂನಿಯರ್ ಒಬ್ಬನ ಹೆಸರಿನ ಮುಂದೆ ‘ಟ್ರಾನ್ಸ್‌ಲೇಟರ್’. ಅವನ ಮನೆ ಇರೋದು ಶ್ರೀರಂಗಪಟ್ಣದಲ್ಲಿ, ಅಪ್ಪಂದು ಬಡಗಿ ಕೆಲ್ಸ, ವರ್ಕ್‌ಶಾಪಿನ ವಿಷಯ ಮರ. ಸರ್ ಹತ್ರ ಹೋಗಿ ಇವನನ್ನ ಡಿಸೈನರ್ ಕಾಲಮ್ಮಿಗೆ ಹಾಕಿ ಸರ್ ಅಂದೆ. “ನೋಡೋಣಮ್ಮ” ಅಂದ್ರು. ನಾಳೆ ಮತ್ತೆ ಹೋಗ್ತೀನಿ.