ಮೈನಸ್ 24ರಲ್ಲಿ ಮುರಿದ ಸ್ಪ್ರಿಂಗ್
ಬೆಳಿಗ್ಗೆ ಬೆಳಿಗ್ಗೆ ಅಮೆರಿಕದ ಮಿನಿಯಾಪೊಲಿಸ್‌ನಿಂದ ಅಕ್ಕನ ವಿಡಿಯೊ ಕಾಲ್. ಅಲ್ಲಿ ರಾತ್ರಿ, ಹೊರಗೆ ಮೈನಸ್ 24 ಡಿಗ್ರಿ. ಗ್ಯಾರೇಜ್‌ನಲ್ಲಿ ಪಟಾಕಿ ಹೊಡೆದ ಹಾಗೆ ಸದ್ದಾಯಿತಂತೆ. ಬಾಗಿಲ ಮೇಲಿನ ಎರಡು ಸ್ಪ್ರಿಂಗ್‌ಗಳಲ್ಲಿ ಒಂದು ತುಂಡು. ಕಾರು ಒಳಗೇ ಬಂಧಿ.

ಮೇಲಕ್ಕೆ ಏರಿ ತೆರೆಯುವ ಆ ಬಾಗಿಲಿನ ಭಾರ ಹೊರುವುದು ಮೋಟಾರ್ ಅಲ್ಲ, ಬಿಗಿಯಾಗಿ ಸುತ್ತಿದ ಸ್ಪ್ರಿಂಗ್. ಸಾಮಾನ್ಯ ಸ್ಪ್ರಿಂಗಿನ ಆಯಸ್ಸು ಸುಮಾರು 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ 4 ಸಲ ಅಂದರೆ 7 ವರ್ಷವೂ ತುಂಬಲ್ಲ. ಸವೆದ ಉಕ್ಕು ಚಳಿಗೆ ಪೆಡಸಾಗಿ, ಸರಿಯಾಗಿ ಇಂಥ ರಾತ್ರಿಯಲ್ಲೇ ಕೈಕೊಡುತ್ತದೆ. ಭಾವ ಸ್ಪ್ಯಾನರ್ ಹಿಡಿದು ನಿಂತಿದ್ದರು, ಇಂಜಿನಿಯರ್ ಅಲ್ವಾ! ಮುಟ್ಟಬೇಡಿ ಅಂತ ಬಸವನಗುಡಿಯಿಂದಲೇ ಕೂಗಿದೆ. ಉಳಿದ ಸ್ಪ್ರಿಂಗ್ ಬಿಚ್ಚಿಕೊಂಡರೆ ಕೈಮೂಳೆ ಪುಡಿ. ಕೊನೆಗೆ ರಿಪೇರಿಯವನು ಬಂದು ಎರಡನ್ನೂ ಬದಲಾಯಿಸಿದ. ರಾತ್ರಿ ರೇಟು ಜಾಸ್ತಿಯೇ, ಆದರೂ ಸರಿ.

ನಮ್ಮ ಅಂಗಡಿಗಳ ರೋಲಿಂಗ್ ಶಟರ್ ಒಳಗೂ ಸ್ಪ್ರಿಂಗೇ ಇರುವುದು. ಅದು ಸಿಕ್ಕಿಕೊಂಡರೆ ವೆಲ್ಡರ್ ಬರುವ ತನಕ ಆರಾಮಾಗಿ ಎರಡು ಕಾಫಿ ಆಗುತ್ತದೆ. ಅಲ್ಲಿ ಬಾಗಿಲು ಅರ್ಧಕ್ಕೆ ನಿಂತರೆ ಗ್ಯಾರೇಜಿನ ಪೈಪಿನಲ್ಲಿ ನೀರೂ ಗಡ್ಡೆ. ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರಲ್ಲಿ. ಅಮ್ಮ ಮಾತ್ರ 16ಕ್ಕೇ ಮಂಕಿ ಕ್ಯಾಪ್ ಹಾಕಿಕೊಂಡು ಅಕ್ಕನಿಗೆ ಧೈರ್ಯ ಹೇಳುತ್ತಿದ್ದರು.