ಒಂದೇ ಗುಹೆಯ ಬಾವಲಿ

ಕೋಲಾರ ಜಿಲ್ಲೆಯ ಹನುಮನಹಳ್ಳಿಯಲ್ಲಿ ಒಂದು ಗುಹೆ ಇದೆ. ಕೋಲಾರ ಎಲೆಮೂಗಿನ ಬಾವಲಿ ಇಡೀ ಪ್ರಪಂಚದಲ್ಲಿ ಈಗ ಕಂಡಿರುವುದು ಅಲ್ಲಿ ಮಾತ್ರ. ಮೊದಲು ತೇರಹಳ್ಳಿಯ ಗುಹೆಯಲ್ಲೂ ಇತ್ತು, ಈಗಿಲ್ಲ. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟಿದ್ದೇ 1994ರಲ್ಲಿ. ಉಳಿದಿರುವುದು 200ರ ಆಸುಪಾಸು ಅಂತ ಅಂದಾಜು. ನಮ್ಮ ಓಣಿಯ ಒಂದು ಮದುವೆಗೆ ಇದಕ್ಕಿಂತ ಜಾಸ್ತಿ ಜನ ಸೇರುತ್ತಾರೆ!

ಇದರ ಮೂಗಿನ ಮೇಲೆ ಮಡಿಕೆ ಮಡಿಕೆಯಾದ ಚರ್ಮ ಇರುತ್ತದೆ. ಅದು ಸುಮ್ನೆ ಶೋಕಿಗಲ್ಲ. ಈ ಜಾತಿಯ ಬಾವಲಿಗಳು ಕೂಗುವುದು ಮೂಗಿನಿಂದ. ಆ ಮಡಿಕೆ ಸದ್ದನ್ನು ಒಂದು ದಿಕ್ಕಿಗೆ ಹಾಯಿಸುತ್ತದೆ. ನಮ್ಮ ಕಿವಿಗೆ ಅದು ಕೇಳಿಸುವುದೇ ಇಲ್ಲ. ಹಾರುವ ಹುಳಕ್ಕೆ ಸದ್ದು ತಾಗಿ ವಾಪಸ್ ಬರುವಾಗ, ರೆಕ್ಕೆಯ ಬಡಿತಕ್ಕೆ ಅದರಲ್ಲಿ ಸಣ್ಣ ಏರಿಳಿತ. ಅಷ್ಟು ಸಾಕು, ಕತ್ತಲಲ್ಲೂ ಬೇಟೆ ಪಕ್ಕಾ.

ಇಷ್ಟೆಲ್ಲಾ ಜಾಣತನ ಇದ್ದರೂ ಡೈನಮೈಟ್ ಮುಂದೆ ಏನು ಮಾಡೀತು ಅಲ್ವಾ? ಇದರ ದೊಡ್ಡ ಕಂಟಕ ಗ್ರಾನೈಟ್ ಗಣಿಗಾರಿಕೆ. ನಮ್ಮನೆ ಅಡುಗೆಕಟ್ಟೆಯೂ ಗ್ರಾನೈಟೇ, ಯಾವ ಗುಡ್ಡದ್ದೋ ಏನೋ. ಹುಲಿಗಾದರೆ ಕೂಗು ಹಾಕುವವರು ಸಾವಿರ ಜನ. ಬಾವಲಿ ಅಂದರೆ ಅಪಶಕುನ, ಇಲ್ಲಾ ರೋಗ.

ಮತ್ತೆ ಇವು ಇಲಿಗಳ ಲೆಕ್ಕದಲ್ಲಿ ಹೆರುವುದಿಲ್ಲ. ಹೆಚ್ಚಿನ ಬಾವಲಿಗಳಿಗೆ ವರ್ಷಕ್ಕೆ ಒಂದೇ ಮರಿ. ಮರಿ ಹಾಕುವ ಕಾಲದಲ್ಲಿ ಯಾರಾದರೂ ಟಾರ್ಚ್ ಹಿಡಿದು ಒಳಗೆ ನುಗ್ಗಿದರೆ ತಾಯಿ ಗಾಬರಿಯಿಂದ ಹಾರುತ್ತದೆ, ಮರಿ ಕೆಳಗೆ ಬೀಳುತ್ತದೆ. ರೀಲ್ಸ್‌ಗೆ ಗುಹೆ ಹುಡುಕುತ್ತಿರುವವರು ದಯವಿಟ್ಟು ಬೇರೆ ಜಾಗ ನೋಡಿಕೊಳ್ಳಿ.