ತಲೆಯಿಂದ ಇಳಿಯದ 300 ಸ್ಪಿನ್‌ಗಳು

ಹೆಬ್ಬಾಳದ ಟ್ರಾಫಿಕ್‌ನಲ್ಲಿ ಬಸ್ ನಿಂತಾಗಲೂ ತಲೆಯಲ್ಲಿ ಇದೇ ಲೆಕ್ಕ. ಸ್ಪಿನ್ ಅಂದರೆ ಎಲೆಕ್ಟ್ರಾನಿನ ಒಂದು ಹುಟ್ಟುಗುಣ, ಪುಟ್ಟ ಅಯಸ್ಕಾಂತದ ಹಾಗೆ. ಅಳೆದರೆ ಅದಕ್ಕೆ ಎರಡೇ ದಾರಿ: ಮೇಲೆ ಅಥವಾ ಕೆಳಗೆ. ಅಂಥ 300 ಸೇರಿದರೆ? ಎರಡನ್ನು 300 ಸಲ ಗುಣಿಸಿದಷ್ಟು ಸ್ಥಿತಿಗಳು. ನಮಗೆ ಕಾಣುವ ವಿಶ್ವದ ಪರಮಾಣುಗಳಿಗಿಂತ ಜಾಸ್ತಿ! ಯಾವ ಕಂಪ್ಯೂಟರೂ ಇದನ್ನು ಪೂರ್ತಿ ಬರೆದಿಡಲಾರದು.

ಆದರೆ ತುಂಬಾ ಎಲೆಕ್ಟ್ರಾನ್‌ಗಳು ಸೇರಿದಾಗ ಹೊಸದೇ ಗುಣಗಳು ಹುಟ್ಟುತ್ತವೆ. ಅಂಥದ್ದೊಂದು ಸೂಪರ್‌ಕಂಡಕ್ಟಿವಿಟಿ, ಅಂದರೆ ವಿದ್ಯುತ್ ಯಾವ ತಡೆಯೂ ಇಲ್ಲದೆ ಹರಿಯುವುದು. ಅದು ಮೊದಲು ಕಂಡದ್ದು 1911ರಲ್ಲಿ, ಪಾದರಸದಲ್ಲಿ. ಅದು ಯಾಕೆ ಹಾಗೆ ಎಂದು ತಿಳಿಯಲು ಐನ್‌ಸ್ಟೈನ್, ಫೈನ್‌ಮನ್ ಅಂಥವರೂ ಪ್ರಯತ್ನಿಸಿದರು, ಬಗೆಹರಿಯಲಿಲ್ಲ. ಎಲೆಕ್ಟ್ರಾನ್‌ಗಳು ಜೋಡಿಯಾಗುತ್ತವೆ ಎಂಬ ಬಾರ್ಡೀನ್, ಕೂಪರ್, ಶ್ರೀಫರ್ ಅವರ ಪೂರ್ತಿ ಸಿದ್ಧಾಂತ ಬಂದದ್ದು 1957ರಲ್ಲಿ. ಒಂಟಿ ಎಲೆಕ್ಟ್ರಾನನ್ನು ಎಷ್ಟು ನೋಡಿದರೂ ಇದು ಹೊಳೆಯಲ್ಲ ಅಲ್ವಾ? 1986ರಲ್ಲಿ ಇದೇ ಗುಣ ಕಂಡ ತಾಮ್ರದ ಆಕ್ಸೈಡ್‌ಗಳಂತೂ ತಮ್ಮ ಗುಟ್ಟನ್ನು ಇನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಐಐಎಸ್‌ಸಿ), ಹೆಸರಘಟ್ಟದ ಕಡೆಯ ಐಸಿಟಿಎಸ್ ಎಂಬ ಸಂಶೋಧನಾ ಕೇಂದ್ರದಲ್ಲಿ ಇಂಥ ಪ್ರಶ್ನೆಗಳ ಹಿಂದೆ ಬಿದ್ದವರಿದ್ದಾರೆ. ಅದು ನನಗೆ ತುಂಬಾ ಹೆಮ್ಮೆಯ ವಿಷಯ.